ತಣ್ಣಗಿಡಬೇಕಾದ ಔಷಧಿ

೧೦ ಮಾರ್ಚ್ ೧೯೯೭, ಸೋಮವಾರ

ಮತ್ತೆ ಸೋಮವಾರ. ಮತ್ತೆ ವಾರಕ್ಕೆ ಮೂರು ಸಲದ ಇಂಟರ್‌ಫೆರಾನ್ ಇಂಜೆಕ್ಷನ್. ಡೈರಿಯಿಂದ ಬಂದು ಇವರೇ ಚುಚ್ಚಿದರು. ಕ್ಯಾತನಹಳ್ಳಿ ಹಸುಗಳಿಗೆಲ್ಲ ಕೃತಕ ಗರ್ಭಧಾರಣೆ ಮಾಡುವ ಕೈ, ನಡುಗುವುದಿಲ್ಲ.

"ಸೀಮೆಹಸಕ್ಕಿಂತ ನೀನೇ ವಾಸಿ ಕಣೆ, ಒದೆಯಾಕಿಲ್ಲ" ಎಂದರು. ನಗು ಬಂತು. ಆಮೇಲೆ ಚಳಿ, ಜ್ವರ, ಮೈಯೆಲ್ಲ ನೋವು. ನಾಳೆ ಸ್ಕೂಲಲ್ಲಿ ಏಳನೇ ಕ್ಲಾಸಿನ ಮುಂದೆ ನಿಲ್ಲಬೇಕು.

ಹೆಪಟೈಟಿಸ್ ಬಿ... ಎಲ್ಲಿಂದ ಅಂಟಿತೋ. ಅತ್ತೆಯ ಮಾತು ಒಂದೇ: "ಸೊಪ್ಪಿನ ರಸಕ್ಕೆ ಓಗೋ ಕಾಮಾಲೆಗೆ ಈಪಾಟಿ ಸೂಜಿ ಯಾಕವ್ವ?" ಈ ಔಷಧಿ ಹಿಡಿಯದಿದ್ದರೆ ಲಿವರ್ ಹೋಗುತ್ತದೆ. ಅದನ್ನು ಬಿಡಿಸಿ ಹೇಳುವಷ್ಟು ತ್ರಾಣ ನನಗಿಲ್ಲ.

೨೧ ಮಾರ್ಚ್

ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ಔಷಧಿ ಹಿಡಿದಿದೆಯೋ ಇಲ್ಲವೋ ಇದರಲ್ಲಿ ಗೊತ್ತಾಗುತ್ತಂತೆ. ರಕ್ತ ಬೊಂಬಾಯಿಗೆ ಹೋಗಿ ರಿಪೋರ್ಟ್ ಬರಬೇಕು, ತಡ. ಬಸ್ಸಲ್ಲಿ ಶ್ರೀರಂಗಪಟ್ಟಣದವರೆಗೂ ಸೀಟಿಲ್ಲ. ತಲೆ ಬಾಚಿದರೆ ಕೈತುಂಬ ಕೂದಲು. ಇವರ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಸಾಕಾಗಿದೆ.

೨ ಏಪ್ರಿಲ್, ಬುಧವಾರ

ಟ್ರಾನ್ಸ್‌ಫಾರ್ಮರ್ ಸುಟ್ಟು ನಿನ್ನೆಯಿಂದ ಕರೆಂಟಿಲ್ಲ. ಫ್ರಿಜ್ ಬೆಚ್ಚಗಾಗಿದೆ. ಔಷಧಿ ತೆಗೆಯಲು ಹೋದರೆ—ಇಲ್ಲ.

"ನಿನ್ನೇನೇ ಡೈರಿಗೆ ತಕೊಂಡೋಗಿ ಜ್ವಾಪಾನ ಮಾಡಿವ್ನಿ" ಎಂದರು ಇವರು. ಹೋಗಿ ನೈಟ್ರೋಜನ್ ಕ್ಯಾನನ್ನೇ ಹೊತ್ತು ತಂದರು. ಹೋರಿಯ ವೀರ್ಯದ ಕಡ್ಡಿ ಇಡುವ ಕ್ಯಾನು. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗಿಂದ ನನ್ನ ಬಾಟ್ಲಿಗಳು ಮೇಲೆ ಬಂದವು. ಎಲ್ಲವೂ ಬಿರುಕು ಬಿಟ್ಟಿದ್ದವು.

"ತಣ್ಣಗಿಡಿ ಅಂದ್ರಲ್ಲ ಡಾಕ್ಟ್ರು... ಇದ್ಕಿಂತ ತಣ್ಣಗೆ ಈ ಪಾಂಡವಪುರ ತಾಲೂಕಲ್ಲಿ ಇನ್ನೆಲ್ಲೈತೆ? ವರ್ಷಗಟ್ಲೆ ಇಟ್ರೂ ಇದ್ರಲ್ಲಿ ಜೀವ ಕೆಡಾಕಿಲ್ಲ ಕಣೆ."

"ಹೆಪ್ಪುಗಟ್ಬಾರ್ದು ಅಂತ ಡಬ್ಬದ ಮೇಲೇ ಬರ್ದೈತೆ. ನಾನೇನು ನಿಮ್ಮ ಡೈರಿ ಹಸುನಾ? ಸಾಯಿಸ್ಬುಟ್ರಲ್ಲ ನನ್ನ!" ಎಂದೆ. ಅವರ ತಾಯಿಯ ಎದುರಿಗೇ.

ಇವರು ಕ್ಯಾನ್ ಹೊತ್ತುಕೊಂಡು ಹೊರಟುಹೋದರು.

ನಿಜ ಹೇಳಬೇಕೆಂದರೆ, ಸೂಜಿ ತಪ್ಪಿದ್ದಕ್ಕೆ ಇವತ್ತು ಜ್ವರ ಇಲ್ಲ. ಹಿತವಾಗಿದೆ. ನಾಚಿಕೆಯೂ ಆಗುತ್ತಿದೆ.

೯ ಏಪ್ರಿಲ್

ಒಡೆದದ್ದರ ಬದಲಿಗೆ ಹೊಸ ಬಾಟ್ಲಿ ಮೈಸೂರಲ್ಲಿ ಸ್ಟಾಕಿಲ್ಲ. ಇವರು ದಿನಾ ಅಲೆಯುತ್ತಿದ್ದಾರೆ. ಮುದ್ದೆ ಮುರಿದು ಹಾಗೇ ಬಿಟ್ಟು ಏಳುತ್ತಾರೆ. "ನಮ್ಮ ಚಲುವರಾಜ ಅರ್ಧ ಆಗ್ಬುಟ್ಟ ನೋಡವ್ವ" ಅಂತ ಅತ್ತೆ ಕಣ್ಣೊರೆಸಿಕೊಂಡರು.

"ನಿಂಗೇನಾರ ಆದ್ರೆ ನಾನೇ ಕಾರಣ" ಎಂದರು ಇವರು. ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

೧೬ ಏಪ್ರಿಲ್, ಬುಧವಾರ, ಸಂಜೆ

ಮೈಸೂರಲ್ಲಿ ಡಾಕ್ಟರ ರೂಮಿಗೆ ಒಬ್ಬಳೇ ಹೋದೆ. ಸ್ಟಾಕು ಬಂದಿದೆ ಅಂತ ಇವರು ಔಷಧಿ ಅಂಗಡಿಗೆ ಓಡಿದ್ದರು.

ರಿಪೋರ್ಟ್ ಬಂದಿದೆ. ವೈರಸ್ಸು ಮೊದಲಿದ್ದಷ್ಟೇ ಇದೆ. ರಕ್ತ ಕೊಟ್ಟದ್ದು ಬಾಟ್ಲಿ ಒಡೆಯುವುದಕ್ಕೆ ಮುಂಚೆ. ಅಂದರೆ ಈ ಔಷಧಿ ನನಗೆ ಹಿಡಿದೇ ಇರಲಿಲ್ಲ.

"ನಿಲ್ಲಿಸಿಬಿಡಿ ಅಮ್ಮ. ಹೊರದೇಶದಲ್ಲಿ ಒಂದು ಮಾತ್ರೆ ಪರೀಕ್ಷೆ ನಡೀತಿದೆ. ಬರೋವರೆಗೂ ಕಾಯೋಣ" ಎಂದರು ಡಾಕ್ಟರು. ಯಾವಾಗ ಬರುತ್ತೆ ಸಾರ್? ಅವರಿಗೂ ಗೊತ್ತಿಲ್ಲ.

ಬಸ್ಸಲ್ಲಿ ಇವರು ಹೊಸ ಬಾಟ್ಲಿಗಳಿಟ್ಟು ಐಸ್ ತುಂಬಿದ ಥರ್ಮಾಸನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಡಾಕ್ಟ್ರು ಏನಂದ್ರು ಅಂತ ಕೇಳಿದರು. ಮನೆಗೆ ಹೋಗಿ ಹೇಳ್ತೀನಿ ಅಂದೆ. ಹೇಳಿಲ್ಲ. ತಪ್ಪು ಇವರದು ಅಂತಿದ್ದಾಗ ಬೈಯಲು ಒಬ್ಬರಾದರೂ ಇದ್ದರು. ಈಗ ಯಾರನ್ನು ಬೈಯಲಿ?

"ಲೇ, ಬಾರೆ, ಟೈಮಾಯ್ತು!"

ಕೈ ತೊಳೆದು ಸೂಜಿ ಹಿಡಿದು ನಡುಮನೆಯಲ್ಲಿ ನಿಂತಿದ್ದಾರೆ. ಎಷ್ಟೋ ದಿನದ ಮೇಲೆ ಮುಖದಲ್ಲಿ ನಗು. ತಪ್ಪು ನಿಮ್ಮದಲ್ಲ ಅಂದುಬಿಡಬೇಕು. ಅಂದರೆ ಔಷಧಿ ಹಿಡಿದೇ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಬಾಟ್ಲಿಗೆ ಸೂಜಿ ಚುಚ್ಚುವ ಮೊದಲೇ ಹೋಗಿ ಹೇಳಿಬಿಡುತ್ತೇನೆ—