ಎರಡಾಗಿ ಸೀಳಿದ ಶೂ

ಅಂಗಡಿಯ ಒಳಕೋಣೆಯಿಂದ
ನವೆಂಬರ್ ೮, ಭಾನುವಾರ

ಪ್ರೀತಿಯ ಅಪ್ಪಾ,

ಅಕ್ಷರ ಕೋಳಿ ಕೆರೆದ ಹಾಗಿದೆ, ಒತ್ತು ದೀರ್ಘ ಎಲ್ಲೆಲ್ಲಿ ತಪ್ಪಿವೆಯೋ ನನಗೇ ಗೊತ್ತಿಲ್ಲ. ಐದನೇ ಕ್ಲಾಸಿಗೇ ಬರವಣಿಗೆ ಬಿಟ್ಟ ಕೈ, ಬೈಯದೆ ಓದಿಕೊಳ್ಳಿ. ನಿಮ್ಮ ಕೆಮ್ಮು ಹೇಗಿದೆ? ಕಾರ್ಖಾನೆಯಲ್ಲಿ ಅಂಟಿನ ವಾಸನೆ ತಲೆಗೆ ಹತ್ತುತ್ತದೆ ಎಂದಿದ್ದಿರಿ, ಕಿಟಕಿ ಪಕ್ಕದ ಜಾಗ ಕೊಟ್ಟರೇ? ಅಮ್ಮ ಗಟ್ಟಿಯಾಗಿದ್ದಾಳೆ. "ಹೊತ್ತಿಗೆ ಸರಿಯಾಗಿ ಉಣ್ತಾರೋ ಇಲ್ವೋ ಕೇಳು, ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ ಅಂತಾನೂ ಬರಿ" ಎಂದಳು. ಬರೆದಿದ್ದೇನೆ.

ಈ ತಿಂಗಳೊಳಗೆ ಕಾರ್ಖಾನೆಯ ಖಾಯಂ ಕೆಲಸಕ್ಕೆ ಹೂಂ ಅನ್ನಬೇಕು, ಅಂಗಡಿಯನ್ನು ಮೊಬೈಲ್ ಕವರ್ ಮಾರುವವನಿಗೆ ಬಿಟ್ಟುಕೊಡಿ ಎಂದು ನೀವು ಬರೆದ ಮೇಲೆ ಅಮ್ಮನ ಮುಖ ನೋಡುವ ಹಾಗಿರಲಿಲ್ಲ. ನಿಮ್ಮದೂ ತಪ್ಪಲ್ಲ. ಒಂದು ಕಾಲು ಗಿಡ್ಡವಾದವರಿಗೆ ಶೂ ಮಾಡುವವರು ಇಲ್ಲಿ ಇದ್ದಾರೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಅಂಗಡಿ ತೆಗೆದು ನೊಣ ಹೊಡೆಯಬೇಕಷ್ಟೆ. ಅದಕ್ಕೇ ಅಮ್ಮ ಚಿಕ್ಕಮ್ಮನ ಮಗಳನ್ನು ಕರೆಸಿದಳು. ಸಣ್ಣ ಅಂಗಡಿಗಳಿಗೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಆ ಅಕ್ಕನ ಕಸುಬಲ್ಲವೇ. ಬಂದವಳೇ ನೀವು ಮಾಡಿಟ್ಟ ಜೋಡಿಗಳನ್ನೆಲ್ಲ ಒರೆಸಿ, ಬೆಳಕಿಗೆ ಹಿಡಿದು ಫೋಟೋ ತೆಗೆದಳು. ಫೋನಿನಲ್ಲಿ ನೋಡಿದರೆ ದೊಡ್ಡ ಅಂಗಡಿಯ ಗಾಜಿನ ಕಪಾಟಿನ ಹಾಗೆ ಹೊಳೆಯುತ್ತಿತ್ತು. ನಮಗೆಲ್ಲ ಹಿಗ್ಗೋ ಹಿಗ್ಗು.

ಆದರೆ ಅಕ್ಕನಿಗೆ ಒಂದು ಅಭ್ಯಾಸವಿದೆ. ಮಾಡಿದ್ದನ್ನು ಏನೂ ಅರಿಯದ ಒಬ್ಬರ ಕೈಗೆ ಕೊಟ್ಟು, ತಾನು ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ಕೂರುತ್ತಾಳೆ. ಪಕ್ಕದ ಬೀದಿಗೆ ಹೊಸದಾಗಿ ಬಂದಿರುವ ಟೈಲರಣ್ಣನಿಗೆ ಫೋನು ಕೊಟ್ಟು, ಈ ಅಂಗಡಿಯಲ್ಲಿ ಏನು ಸಿಗುತ್ತದೆ ಹೇಳಿ ಎಂದಳು. ಅವರು ಬೆರಳಾಡಿಸಿ ನೋಡಿ, "ಶೂ. ಮತ್ತೇನಮ್ಮಾ? ಜೋರಾಗಿವೆ, ಮದುವೆಗೆ ಹಾಕ್ಕೋಬಹುದು" ಎಂದರು. ಅಕ್ಕನ ಮುಖ ಸಪ್ಪಗಾಯಿತು. ಅಪ್ಪಾ, ಒಂದು ಕಾಲು ಗಿಡ್ಡ ಎಂದು ನೋಡಿದವರಿಗೆ ತಿಳಿಯಲೇಬಾರದು ಎಂದು ನೀವು ಜೀವ ತೇಯ್ದು, ಎತ್ತರ ಸರಿದೂಗಿಸುವ ಬೆಂಡನ್ನು ಶೂವಿನ ಒಳಗೆ ಅಡಗಿಸುತ್ತೀರಿ. ಕಣ್ಣಿಗೆ ಕಾಣದ್ದು ಫೋಟೋದಲ್ಲಿ ಮಾತ್ರ ಎಲ್ಲಿಂದ ಕಾಣಬೇಕು? ನೀವು ಎಷ್ಟು ಚೆನ್ನಾಗಿ ಮಾಡಿದ್ದೀರೋ ನಾವು ಅಷ್ಟೇ ಚೆನ್ನಾಗಿ ಮುಚ್ಚಿಹಾಕಿದ್ದೆವು.

ಆಗ ಅಮ್ಮ ಎದ್ದು, ಕಪಾಟಿನ ಮೇಲಿನ ಅರೆಯಿಂದ ನೀವು ಮಾದರಿಗೆಂದು ಮಾಡಿಟ್ಟ ಕಂದು ಜೋಡಿಯನ್ನು ತಂದು ನನ್ನ ಮುಂದಿಟ್ಟಳು. "ಕೊಯ್ದುಬಿಡು. ನಿಮ್ಮಪ್ಪನಿಗೆ ನಾನು ಹೇಳ್ಕೋತೀನಿ" ಎಂದಳು. ಗರಗಸದಲ್ಲಿ ಎರಡನ್ನೂ ಮೂತಿಯಿಂದ ಹಿಮ್ಮಡಿಯವರೆಗೆ ಸೀಳಿದೆ. ಒಂದು ಶೂವಿನೊಳಗೆ ಪದರ ಪದರವಾಗಿ ಬೆಂಡು, ಇನ್ನೊಂದರಲ್ಲಿ ಏನೂ ಇಲ್ಲ. ಹೊರಗಿನಿಂದ ಎರಡೂ ಒಂದೇ. ಅಕ್ಕ ಹೊಳೆಯುವ ಫೋಟೋಗಳನ್ನೆಲ್ಲ ಕಿತ್ತೆಸೆದು ಆ ಸೀಳಿದ ಜೋಡಿಯೊಂದನ್ನೇ ಮೊದಲಿಗಿಟ್ಟಳು. ಕೆಳಗೆ ದಪ್ಪಕ್ಷರದಲ್ಲಿ, ಒಂದು ಕಾಲು ಗಿಡ್ಡವಿದೆಯೇ, ಹೊರಗೆ ಕಾಣದ ಹಾಗೆ ಶೂ ಮಾಡಿಕೊಡುತ್ತೇವೆ, ಎಂದಷ್ಟೇ. ಟೈಲರಣ್ಣ ಈ ಸಲ ಫೋನನ್ನು ಹಿಂದಕ್ಕೆ ಕೊಡಲೇ ಇಲ್ಲ. "ಇದನ್ನ ನಮ್ಮ ಭಾವನಿಗೆ ಕಳಿಸು ತಾಯಿ, ಪಾಪ ಕಾಲು ಎಳೀತಾ ನಡೀತಾರೆ" ಎಂದರು.

ಇನ್ನೊಂದು ತೊಡಕಿತ್ತು. ಹೆಸರು, ವಯಸ್ಸು, ಕಾಲಿಗೇನಾಗಿದೆ ಎಂದು ತುಂಬಲು ಅಕ್ಕ ವೆಬ್‌ಸೈಟಿನಲ್ಲಿ ಖಾಲಿ ಜಾಗಗಳನ್ನಿಟ್ಟಿದ್ದಳು. ಜನ ನೋಡುತ್ತಿದ್ದರು, ಅಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ, ನಾಲ್ಕು ಜನರ ಮುಂದೆ ಹೆಸರು ಹೇಳಲೂ ನಾಲಿಗೆ ಏಳದವಳು ನಾನು. ನಮ್ಮ ಗಿರಾಕಿಗಳು ಹೇಗೆ ಬರುತ್ತಿದ್ದರು ನೆನಪಿಸಿಕೊಳ್ಳಿ. ಚೀಲದಿಂದ ಹಳೆಯ ಶೂ ತೆಗೆದು ನಿಮ್ಮ ಮುಂದೆ ಮಗುಚಿಡುತ್ತಿದ್ದರು, ಮಾತಿಲ್ಲ. ಸವೆದ ಅಟ್ಟೆ ನೋಡಿ ನೀವೇ "ಎಡಗಾಲು, ಅಲ್ವಾ?" ಎನ್ನುತ್ತಿದ್ದಿರಿ. ನಾನು ಅಕ್ಕನ ಕಿವಿಯಲ್ಲಿ, ಅವರಿಂದ ಏನೂ ಬರೆಸಬೇಡ, ಹಳೆಯ ಶೂವಿನ ಅಟ್ಟೆಯ ಫೋಟೋ ಮಾತ್ರ ಕೇಳು ಎಂದೆ. ಅಕ್ಕ ನನ್ನ ಕೆನ್ನೆ ಹಿಂಡಿ, "ಗುಮ್ಮನಗುಸುಕಿ, ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಬಾಯಿನ?" ಎಂದಳು.

ಆಮೇಲಿನದನ್ನು ಹೇಗೆ ಬರೆಯಲಿ. ಫೋನು ಟಿಣ್ ಎಂದಾಗಲೆಲ್ಲ ಒಂದು ಅಟ್ಟೆ ಬರುತ್ತದೆ. ಹಿಮ್ಮಡಿ ಸವೆದದ್ದು, ತುದಿ ಮಾತ್ರ ಸವೆದದ್ದು, ಒಂದು ಕಾಲಿನದು ಹೊಸದರ ಹಾಗೇ ಇರುವುದು. ಶಾಲೆಯ ಹುಡುಗಿಯದು ಬಂತು. ಟೈಲರಣ್ಣನ ಭಾವ ತಾವೇ ಬಂದರು. ಮುರಿದ ಕಾಲಿಗೆ ನಡಿಗೆ ಕಲಿಸುವ ಆಸ್ಪತ್ರೆಯ ಡಾಕ್ಟರಮ್ಮ, "ನಿಮ್ಮನ್ನ ಎಷ್ಟು ವರ್ಷದಿಂದ ಹುಡುಕ್ತಿದ್ದೀನಿ, ಎಲ್ಲಿದ್ರಿ?" ಎಂದು ಫೋನು ಮಾಡಿದರು. ಇಲ್ಲೇ ಇದ್ದೆವು ಎಂದೆ, ಹೌದು, ನಾನೇ ಮಾತಾಡಿದೆ. ಅಮ್ಮ ಕಾಲಿಟ್ಟವರ ಅಳತೆಯನ್ನು ಕಾಗದದ ಮೇಲೆ ಗೀಚಿಡುತ್ತಾಳೆ, ನಾನು ಬೆಂಡು ಕತ್ತರಿಸುತ್ತೇನೆ. ಶೂ ಹೊಲಿಯಲು ಬೇಕಾದ ಕಾಲಿನ ಮರದ ಅಚ್ಚು ಕೆತ್ತುವುದು ಮಾತ್ರ ನಮ್ಮಿಬ್ಬರಿಗೂ ಬಾರದು, ಅದಕ್ಕೆ ನೀವೇ ಬೇಕು. ಬಂದವರಿಗೆಲ್ಲ "ಸ್ವಲ್ಪ ತಾಳಿ" ಎನ್ನುತ್ತಿದ್ದೇವೆ. ಅವರು ತಾಳುತ್ತೇವೆ ಎನ್ನುತ್ತಾರೆ, ನೋಡಿ.

ನಿಮ್ಮನ್ನು ಕೇಳಿದೆ ಎಂದು ಬರೆಯಲು ಅಮ್ಮ ಹೇಳುತ್ತಿದ್ದಾಳೆ, ಅಕ್ಕನ ನಮಸ್ಕಾರವೂ ಇದೆ. ರಾತ್ರಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮಲಗಿ.

ನಿಮ್ಮ ಗುಮ್ಮಿ

ತಾ.ಕ.: ಲಕೋಟೆಗೆ ಹಾಕುವಷ್ಟರಲ್ಲಿ ಮೊಬೈಲ್ ಕವರಿನವನು ಟೇಪು ಹಿಡಿದು ಗೋಡೆ ಅಳೆಯಲು ಬಂದಿದ್ದ. ಅಮ್ಮ ಬಚ್ಚಲಲ್ಲಿದ್ದಳು. ನಾನೇ ಬಾಗಿಲಿಗೆ ಅಡ್ಡ ನಿಂತು, ಅಂಗಡಿ ಕೊಡುವುದಿಲ್ಲ, ನಮ್ಮಪ್ಪ ಬರುತ್ತಾರೆ ಎಂದೆ. "ಯಾವಾಗಮ್ಮಾ?" ಎಂದ. ಮುಂದಿನ ವಾರ ಎಂದುಬಿಟ್ಟೆ. ನಿಮ್ಮನ್ನು ಕೇಳದೆ ಮಾತು ಕೊಟ್ಟಿದ್ದೇನೆ, ಉಳಿಸಿಕೊಡಿ ಅಪ್ಪಾ. ಅವನು ಟೇಪು ಸುತ್ತಿಕೊಂಡು ಹೋದ ಮೇಲೆ ಅಂಗಡಿಯಲ್ಲಿ ನೀವು ಕೂರುವ ಸ್ಟೂಲಿನ ಅಲ್ಲಾಡುವ ಕಾಲಿಗೆ ಒಂದು ಮೊಳೆ ಹೊಡೆದೆ.