ನಾಲ್ಕು ಸಾಲಿನ ಬೆನ್ನುಡಿ

ಭದ್ರಾವತಿ
ಶನಿವಾರ, ೨೭ ಡಿಸೆಂಬರ್ ೨೦೨೫

ಶರಾವತಿ,

ಪ್ರತಿ ವರ್ಷ ನಿನ್ನ ಹೆಸರಿನ ಹಿಂದೆ ಇರುತ್ತಿದ್ದ ‘ಪ್ರೀತಿಯ’ ಈ ಸಲ ಇಲ್ಲ. ಅವಸರದಲ್ಲಿ ಬಿಟ್ಟುಹೋದದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಇತ್ತ ನಾನು ಕ್ಷೇಮವಾಗಿಲ್ಲ. ಅತ್ತ ನೀನು ಚೆನ್ನಾಗಿದ್ದೀಯ ಎಂದು ಮೊನ್ನೆ ಬಂದ ನಿನ್ನ ಕಾಗದವೇ ಹೇಳುತ್ತಿದೆ. ಕಾದಂಬರಿ ಇಷ್ಟು ಬೇಗ ಎರಡನೇ ಮುದ್ರಣಕ್ಕೆ ಹೋಗುತ್ತಿದೆಯಂತೆ. ಆಗಲಿ.

ಅದೇ ಕಾಗದದ ಕೊನೆಯಲ್ಲಿ, ಏನೂ ಆಗಿಯೇ ಇಲ್ಲವೆಂಬಂತೆ, ಈ ವರ್ಷ ಏನೇನು ಓದಿದೆ, ಯಾವುದು ಹಿಡಿಸಿತು, ಯಾವುದು ಕೈಕೊಟ್ಟಿತು ಬರಿ ಮಾರಾಯ್ತಿ ಎಂದು ಕೇಳಿದ್ದೀಯ. ಬರೆಯುತ್ತೇನೆ. ನಿನ್ನ ಮೇಲಿನ ಸಿಟ್ಟಿಗೆ ಇಷ್ಟು ವರ್ಷದ ಪದ್ಧತಿಯನ್ನು ಯಾಕೆ ಮುರಿಯಲಿ? ಭದ್ರಾವತಿಯಲ್ಲಿ ಬಸ್ಸು ಹತ್ತಿದರೆ ಕೂತ ಸೀಟು ಬಿಸಿಯಾಗುವುದರೊಳಗೆ ಶಿವಮೊಗ್ಗ ಬರುತ್ತದೆ. ಆದರೂ ಡಿಸೆಂಬರಿನಲ್ಲಿ ಮಾತ್ರ ನಾವು ಅಂಚೆಯಲ್ಲೇ ಬರೆದುಕೊಂಡೆವು. ಎದುರಿಗೆ ಕೂತರೆ ಕಾಫಿ ಕುಡಿಯುತ್ತ ಎಲ್ಲ ಪುಸ್ತಕವೂ ಪರವಾಗಿಲ್ಲ ಅನ್ನಿಸಿಬಿಡುತ್ತದೆ, ಕಾಗದದಲ್ಲಾದರೆ ಮುಖ ನೋಡುವ ಹಂಗಿಲ್ಲ ಎಂದು ನೀನೇ ಹೇಳಿದ್ದೆ. ಮೆಚ್ಚಿದ್ದು ಮೊದಲು, ಮೆಚ್ಚದ್ದು ಆಮೇಲೆ, ದಾಕ್ಷಿಣ್ಯ ಎಲ್ಲೂ ಇಲ್ಲ. ಇವತ್ತೂ ಹಾಗೇ ಬರೆಯುತ್ತೇನೆ.

ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿ ಪಕ್ಕದಲ್ಲಿ ಹಳೇ ಪುಸ್ತಕ ಗುಡ್ಡೆ ಹಾಕಿಕೊಂಡು ಕೂರುವವನ ಹತ್ತಿರ ಒಂದು ಆತ್ಮಕಥೆ ಸಿಕ್ಕಿತು. ಟೂರಿಂಗ್ ಟಾಕೀಸು ನಡೆಸಿ ಕೈಸುಟ್ಟುಕೊಂಡ ಒಬ್ಬ ಯಜಮಾನ ತಾನೇ ಬರೆದು ತಾನೇ ಅಚ್ಚು ಹಾಕಿಸಿದ್ದು. ಅಣ್ಣತಮ್ಮಂದಿರು, ಕರೆಂಟಿನವರು, ಮಳೆ, ಸರ್ಕಾರ, ಎಲ್ಲರದೂ ತಪ್ಪು, ಅವನೊಬ್ಬನದು ಬಿಟ್ಟು. ಬೊಗಳೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಓದುತ್ತ ಓದುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಒಂದು ವಿಷಯಕ್ಕೆ ಅವನನ್ನು ಮೆಚ್ಚಿದೆ: ಬಿಟ್ಟ ಬೊಗಳೆಯೆಲ್ಲ ತನ್ನ ಬಗ್ಗೆಯೇ ಬಿಟ್ಟಿದ್ದಾನೆ. ಇನ್ನೊಬ್ಬರ ಮನೆಯ ಗುಟ್ಟನ್ನು ತಂದು ಟೆಂಟಿನ ಪರದೆಯ ಮೇಲೆ ಬಿಟ್ಟಿಲ್ಲ.

ಎರಡನೆಯದು ಪೂಜಿತಾ ಎಂಬ ಹೊಸ ಹುಡುಗಿಯ ಕಥೆಗಳು. ನಮ್ಮ ಕಾರ್ಖಾನೆ ಕಾಲೊನಿಯಲ್ಲಿ ಮೆಸ್ ನಡೆಸುವ ಹೆಂಗಸರ ಬಗ್ಗೆ. ಒಬ್ಬಳು ತಮಿಳಿನಲ್ಲಿ ಬೈಯುತ್ತಾಳೆ, ಇನ್ನೊಬ್ಬಳು ತೆಲುಗಿನಲ್ಲಿ ತಿರುಗಿಸಿ ಕೊಡುತ್ತಾಳೆ, ಸಾರಿಗೆ ಉಪ್ಪು ಸಾಲದೆಂದು ಇಬ್ಬರೂ ಕನ್ನಡದಲ್ಲಿ ಒಪ್ಪುತ್ತಾರೆ. ಕೊನೆಯ ಕಥೆಯನ್ನು ಎಳೆದಿದ್ದಾಳೆ. ಚಿಕ್ಕವಳು, ಕಲಿಯುತ್ತಾಳೆ.

ಇನ್ನು ಮೆಚ್ಚದ್ದು. ನೀನು ಹೊತ್ತುಕೊಂಡು ಬಂದು ಕೊಟ್ಟೆಯಲ್ಲ, ಪ್ರಶಸ್ತಿ ಬಂದ ಆ ದಪ್ಪ ಕಾದಂಬರಿ, ಅದರ ನಾಯಕ ಹೊಳೆದಂಡೆಯಲ್ಲಿ ನಿಂತು ಯೋಚಿಸದೆ ಹಲ್ಲೂ ಉಜ್ಜುವುದಿಲ್ಲ. ಅರ್ಧಕ್ಕೆ ಬಿಟ್ಟೆ. ಯಜ್ಞನಾರಾಯಣ ಅವರ ಕವನ ಸಂಕಲನ ಪೂರ್ತಿ ಓದಿದೆ, ಯಾಕೆಂದರೆ ತೆಳ್ಳಗಿತ್ತು. ಅದರಲ್ಲಿ ಮೊಮ್ಮಗನ ಮೇಲಿನ ಪದ್ಯಗಳಿಗಿಂತ ಮುನ್ನುಡಿ ಉದ್ದ, ಮುನ್ನುಡಿಗಿಂತ ಬೆನ್ನುಡಿ ಸುಳ್ಳು. ಪ್ರಾಸವೇ ಇಲ್ಲದ ಪದ್ಯಗಳ ಪ್ರಾಸವನ್ನು ಹೊಗಳಿದ್ದ ಆ ಬೆನ್ನುಡಿಯನ್ನು ಆಲ್ಕೊಳದ ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿ ನಾವು ಎಷ್ಟು ನಕ್ಕೆವು! ಓದದೆ ಬೆನ್ನುಡಿ ಬರೆಯುವವರ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕು ಎಂದು ನಾನು ಭಾಷಣ ಬಿಗಿದೆ. ನೀನೂ ನಕ್ಕೆ. ನಿನ್ನ ಕಾದಂಬರಿ ಆಗಲೇ ಟೈಪಾಗಿತ್ತು ಎಂದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ.

ಈಗ ಅದರ ಸರದಿ.

ಜೂನಿನಲ್ಲಿ ನೀನು ಅದರ ಪಿಡಿಎಫ್ ಕಳಿಸಿದೆ. “ಭದ್ರಾವತಿ ಕಾಲೊನಿಯ ಒಬ್ಬ ಹೆಂಗಸಿನ ಕಥೆ, ನೀನು ನೋಡಿದ ಬದುಕೇ. ಪ್ರೆಸ್ಸಿನವರು ಕಾಯ್ತಿದ್ದಾರೆ, ನಾಲ್ಕು ಸಾಲು ಬೆನ್ನುಡಿ ಸಾಕು ಮಾರಾಯ್ತಿ” ಎಂದು ಕೆಳಗೆ ಬರೆದಿದ್ದೆ. ಆವತ್ತು ಬೆಳಿಗ್ಗೆಯಷ್ಟೇ ರಶ್ಮಿ ಫೋನ್ ಮಾಡಿ ತಾನು ಬಸುರಿ ಎಂದು ಹೇಳಿದ್ದಳು. ನನ್ನ ಕಾಲು ನೆಲದ ಮೇಲಿರಲಿಲ್ಲ. ಮಗಳಿಗೆ ಇಷ್ಟವೆಂದು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ, ಡಬ್ಬಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಬೇಕಿತ್ತು. ನಿನ್ನ ಹಿಂದಿನ ಪುಸ್ತಕಗಳನ್ನೆಲ್ಲ ಓದಿದವಳು ನಾನು, ಇದೂ ಹಾಗೇ ಇರುತ್ತದೆ ಅಂದುಕೊಂಡೆ. ಕೈ ತೊಳೆದುಕೊಂಡು ನಾಲ್ಕು ಸಾಲು ಬರೆದು ಕಳಿಸಿದೆ. ನಿನ್ನ ಪಿಡಿಎಫ್ ಬಂದು ಅರ್ಧ ಗಂಟೆ ಆಗಿತ್ತೋ ಇಲ್ಲವೋ. ಅಷ್ಟರಲ್ಲಿ ನಾನು ಒಂದು ಕಾದಂಬರಿ ಓದಿ ಮುಗಿಸಿದೆ ಎಂದು ನೀನು ನಂಬಿದೆಯಾ? ನಂಬಲಿಲ್ಲ. ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ.

ಆ ನಾಲ್ಕು ಸಾಲು ನನಗೀಗ ಬಾಯಿಪಾಠ. “ಇದರ ಪ್ರತಿ ಪುಟವೂ ನಾನು ಕಣ್ಣಾರೆ ಕಂಡ ಬದುಕು. ಇಲ್ಲಿ ಒಂದು ಸಾಲೂ ಸುಳ್ಳಿಲ್ಲ. ಲೇಖಕಿಯನ್ನು ಬಹುಕಾಲದಿಂದ ಬಲ್ಲ ನಾನು ಈ ಮಾತನ್ನು ಹೊಣೆ ಹೊತ್ತು ಹೇಳುತ್ತೇನೆ. ತಾಯಂದಿರೂ ಹೆಣ್ಣುಮಕ್ಕಳೂ ಕೂಡಿ ಓದಬೇಕಾದ ಕೃತಿ.” ಕೆಳಗೆ ನನ್ನ ಹೆಸರು, ನನ್ನ ಡಿಗ್ರಿ, ನನ್ನ ಫೋಟೊ.

ನಾನು ಬಿಡುಗಡೆಗೆ ಬಂದು ಶಾಲು ಹೊದಿಸಿಕೊಂಡು ಹೋದೆ. ಪ್ರತಿಯನ್ನು ಟಿವಿ ಪಕ್ಕ ಇಟ್ಟೆ. ಪರೀಕ್ಷೆ ಪತ್ರಿಕೆಗಳು ಬಂದು ಬಿದ್ದಿದ್ದವು, ಆಮೇಲೆ ಓದೋಣವೆಂದು ಬಿಟ್ಟೆ. ರಶ್ಮಿ ಮಾತ್ರ ತಾಯಿ ಹೆಸರಿದೆ ಎಂಬ ಜಂಬಕ್ಕೆ ಮೂರು ಪ್ರತಿ ಕೊಂಡಿದ್ದಳು. ಒಂದನ್ನು ಕುಂಸಿಯ ಅತ್ತೆಗೆ ಕೊಟ್ಟಳು, ಒಂದನ್ನು ಬ್ಯಾಂಕಿನಲ್ಲಿ ಜೊತೆಗಿರುವವಳಿಗೆ. ಮೂರನೆಯದನ್ನು ತಾನು ಓದಿದಳು.

ಒಂದು ಮಧ್ಯಾಹ್ನ ಅವಳ ಫೋನು ಬಂತು. “ಅಮ್ಮ, ಎಂಟನೇ ಅಧ್ಯಾಯ ನಿಜಾನಾ?” ಎಂದಳು. ಎಂಟನೇ ಅಧ್ಯಾಯದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ ಶರಾವತಿ! ನಾನು ಹೊಣೆ ಹೊತ್ತ ಪುಸ್ತಕ. ಆಮೇಲೆ ಮಾಡ್ತೀನಿ ಎಂದು ಫೋನಿಟ್ಟು, ಪುಸ್ತಕ ತೆಗೆದು, ನಿಂತಲ್ಲೇ ಓದಿದೆ. 

ನಮ್ಮವರು ತೀರಿಕೊಂಡ ವರ್ಷ ನೀನು ನನ್ನ ಜೊತೆಗೆಂದು ಬಂದು ಉಳಿದಿದ್ದೆ. ಹಿತ್ತಲ ಕಟ್ಟೆಯ ಮೇಲೆ ಕೂತು, ಅವರಿಗೂ ಹೇಳದಿದ್ದ ಒಂದೇ ಒಂದು ವಿಷಯವನ್ನು ನಿನಗೆ ಹೇಳಿದೆ. ರಶ್ಮಿ ಹೊಟ್ಟೆಯಲ್ಲಿ ನಿಂತಾಗ ದೊಡ್ಡವನು ವೀರೇಂದ್ರನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಎಂ.ಎ. ಪರೀಕ್ಷೆ ಎದುರಿಗಿತ್ತು. ಈಗಲೇ ಇನ್ನೊಂದು ಬೇಡವೆಂದು, ಯಾರಿಗೂ ತಿಳಿಸದೆ, ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಡಾಕ್ಟರು ಒಳಗೇ ಇದ್ದರು. ಬೆಂಚಿನ ಮೇಲೆ ಕೂತಿದ್ದೆ, ನನ್ನ ಹೆಸರು ಕೂಗಿದರು, ಎದ್ದೆ. ಎದ್ದವಳು ಡಾಕ್ಟರ ಕೋಣೆಗೆ ಹೋಗಲಿಲ್ಲ, ಬೀದಿಗೆ ಬಂದೆ. ಯಾಕೆಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಈ ಮಗು ಬೇಕು ಅನ್ನಿಸಿತು, ಅಷ್ಟೆ. ಗಾಂಧಿ ಬಜಾರಿಗೆ ನಡೆದುಕೊಂಡು ಬಂದು ಎರಡು ದೋಸೆ ತಿಂದು ಬಸ್ಸು ಹತ್ತಿದೆ. ಇದನ್ನೆಲ್ಲ ಹೇಳಿದಾಗ ನೀನು ನನ್ನ ಕೈ ಹಿಡಿದುಕೊಂಡಿದ್ದೆ.

ನಿನ್ನ ಎಂಟನೇ ಅಧ್ಯಾಯದಲ್ಲಿ ನಾಯಕಿಯ ಗಂಡ ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಾನೆ. ಅವಳು ಎಂ.ಎ. ಕಟ್ಟಿದ್ದಾಳೆ. ಅವಳ ಎರಡನೇ ಮಗುವಿನ ಬಲಗೈ ಕಿರುಬೆರಳು ಸೊಟ್ಟ, ನನ್ನ ರಶ್ಮಿಯದರ ಹಾಗೇ. ಅಷ್ಟು ಸಾಲದೆಂದು ಡಾಕ್ಟರನ್ನು ರಜೆಗೆ ಕಳಿಸಿದ್ದೀಯ. ಅವಳು ಬೀಗ ಹಾಕಿದ ಬಾಗಿಲ ಮುಂದೆ ಕೂತು ಅಳುತ್ತಾಳೆ, ಬೇರೆ ದಾರಿಯಿಲ್ಲದೆ ಮಗು ಹೆರುತ್ತಾಳೆ, ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಪಾಯಸ ಬಡಿಸುತ್ತ ಆ ಬೀಗವನ್ನು ನೆನೆಯುತ್ತಾಳೆ. ಬೇಡದೆ ಹುಟ್ಟಿದ ಮಗಳು.

ದಾಕ್ಷಿಣ್ಯ ಬೇಡವೆಂಬ ನಿಯಮಕ್ಕೆ ಕಟ್ಟುಬಿದ್ದು ಒಂದು ಮಾತು ಹೇಳಬೇಕು. ಈ ವರ್ಷ ನಾನು ಓದಿದ್ದರಲ್ಲೆಲ್ಲ ಚೆನ್ನಾಗಿ ಬರೆದ ಅಧ್ಯಾಯ ಅದೇ. ಆ ಪಾಯಸದ ಸಾಲು ಓದುವಾಗ ಆ ಹೆಂಗಸಿನ ಮೇಲೆ ನನಗೂ ಅಸಹ್ಯ ಹುಟ್ಟಿತು. ಅವಳು ನಾನೇ ಎಂದು ಗೊತ್ತಿದ್ದೂ ಹುಟ್ಟಿತು. ಹಾಗಿದ್ದ ಮೇಲೆ ಏಳು ತಿಂಗಳ ಬಸುರಿಗೆ ಏನಾಗಿರಬೇಡ?

ಆ ಭಾನುವಾರ ರಶ್ಮಿ ಬಂದಳು. ಜೊತೆಗೆ ಬಂದಿದ್ದ ಅಳಿಯ ಶಿವಪ್ರಸಾದ್ ಚಪ್ಪಲಿ ಬಿಡದೆ ಗೇಟಿನ ಹತ್ತಿರವೇ ನಿಂತ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೋಗಿದ್ದು ನಿಜ, ಬೀಗ ಸುಳ್ಳು, ಡಾಕ್ಟರಿದ್ದರು, ನಾನೇ ಎದ್ದು ಬಂದೆ, ನೀನು ಬೇಕೆಂದೇ ಬಂದೆ ಎಂದೆ. ಅವಳು ಪುಸ್ತಕವನ್ನು ಬೋರಲು ಹಾಕಿ, ಬೆನ್ನುಡಿಯ ಮೇಲೆ ಆ ಸೊಟ್ಟ ಬೆರಳಿಟ್ಟು ಓದಿದಳು. “ಇಲ್ಲಿ ಒಂದು ಸಾಲೂ ಸುಳ್ಳಿಲ್ಲ. ಇದು ನೀನೇ ಬರ್ದಿದ್ದಲ್ವಾ ಅಮ್ಮ? ಊರಿಗೆಲ್ಲ ನಿಜ ಅಂತ ಹೇಳಿ ನನ್ನೊಬ್ಬಳಿಗೆ ಸುಳ್ಳು ಅಂತೀಯ?” ಎಂದಳು. ಓದದೆ ಬರೆದೆ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಅಳಿಯನ ಎದುರಿಗೆ, ಕನ್ನಡ ಮೇಡಂ ಎಂದು ಬೀದಿಯವರೆಲ್ಲ ಕೈಮುಗಿಯುವ ನಾನು, ಹೇಗೆ ಹೇಳಲಿ? ಅವಳು ಎದ್ದಳು. “ಬಾಣಂತನ ಕುಂಸಿಲೇ ಮಾಡ್ಕೋತೀನಿ, ಅತ್ತೆ ಒಪ್ಪಿದ್ದಾರೆ” ಎಂದು ಹೋದಳು.

ಅವಳು ಹೆರಿಗೆಗೆ ಬರುತ್ತಾಳೆಂದು ಮುಂದಿನ ಕೋಣೆಗೆ ಸುಣ್ಣ ಬಳಿಸಿದ್ದೆ, ಸ್ನಾನಕ್ಕೆ ಹಂಡೆ ಕೂರಿಸಿದ್ದೆ. ಕಾಲೇಜಿಗೆ ರಜೆ ಬರೆದುಕೊಟ್ಟಾಗಿತ್ತು. ರಜೆಯನ್ನು ಇನ್ನೂ ವಾಪಸ್ ತೆಗೆದುಕೊಂಡಿಲ್ಲ. ತೆಗೆದುಕೊಂಡರೆ ಅವಳು ಬರುವುದೇ ಇಲ್ಲ ಎಂದು ಒಪ್ಪಿದಂತಾಗುತ್ತದೆ.

ನಿನಗೆ ಫೋನ್ ಮಾಡಿ ಬೈದಾಗ ನೀನು ಹೇಳಿದ ಮಾತು ನೆನಪಿದೆಯಾ? “ಡಾಕ್ಟ್ರು ಇದ್ದು ಅವಳೇ ಎದ್ದುಬಂದ್ರೆ ಕಥೆ ಸಪ್ಪೆ ಆಗುತ್ತೆ ಕಣೆ ಜಗದಾಂಬಾ. ಮತ್ತೆ ಅದು ನಿನ್ನ ಕಥೆ ಅಲ್ಲ, ಎಲ್ಲ ಹೆಂಗಸರ ಕಥೆ.” ಎಲ್ಲ ಹೆಂಗಸರ ಮಕ್ಕಳ ಕಿರುಬೆರಳೂ ಸೊಟ್ಟಗಿರುತ್ತದಾ? ನನ್ನ ಬದುಕನ್ನು ನೀನು ಎತ್ತಿಕೊಂಡೆ, ಹಾಳಾಗಲಿ, ಬರೆಯುವವರು ಅಕ್ಕಪಕ್ಕದ ಮನೆಗೆ ಕೈ ಹಾಕುತ್ತಾರೆಂದು ನಾನೂ ಪಾಠ ಮಾಡಿದ್ದೇನೆ. ಆದರೆ ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವನ್ನು ಕಿತ್ತು ಬಿಸಾಕಿ, ಉಳಿದದ್ದನ್ನೆಲ್ಲ ಇಟ್ಟುಕೊಂಡೆ. ಅದಕ್ಕೆ ನನ್ನಿಂದಲೇ ಸಹಿ ಹಾಕಿಸಿದೆ. ಇಷ್ಟು ವರ್ಷ ಓದಿದವಳು ನಾನು, ನಿನ್ನನ್ನು ಮಾತ್ರ ಓದಲು ಬರಲಿಲ್ಲ.

ಎರಡನೇ ಮುದ್ರಣದಿಂದ ನನ್ನ ಬೆನ್ನುಡಿ ತೆಗೆದುಹಾಕು. ನನ್ನ ಹೆಸರಾಗಲಿ ಫೋಟೊವಾಗಲಿ ಎಲ್ಲೂ ಇರಕೂಡದು. ದಪ್ಪ ಕಾದಂಬರಿಯನ್ನು ಬೇರೆ ಪಾರ್ಸೆಲ್ಲಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ನನ್ನ ಪುಸ್ತಕಗಳೇನಾದರೂ ಆಲ್ಕೊಳದಲ್ಲಿ ಉಳಿದಿದ್ದರೆ ಇಟ್ಟುಕೊ, ಕೊಡಲು ಬರುವುದು ಬೇಡ. ಫೋನ್ ಬೇಡ. ಮುಂದಿನ ಡಿಸೆಂಬರಿಗೆ ಕಾಗದವೂ ಬೇಡ. ಓದಿದ್ದನ್ನು ಹೇಳಿಕೊಳ್ಳಲು ನನಗೆ ಯಾರೂ ಸಿಗಲಿಕ್ಕಿಲ್ಲ, ಅದು ನನಗೆ ಗೊತ್ತಿದೆ.

ಇನ್ನು ನಿನ್ನ ಗೆಳತಿಯಲ್ಲದ,
ಜಗದಾಂಬಾ

ತಾ.ಕ.: ಭಾನುವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಧೈರ್ಯ ಮಾಡಿ ರಶ್ಮಿಗೆ ಫೋನ್ ಮಾಡಿದೆ. ಎತ್ತಿದಳು. “ಆ ಪುಸ್ತಕ ನಾನು ಓದೇ ಇರ್ಲಿಲ್ಲ ಕಣೆ, ಓದದೇ ಬರ್ದುಕೊಟ್ಟೆ” ಎಂದು ಹೇಳಿಬಿಟ್ಟೆ. “ಬೇರೆ ಯಾರಾದ್ರೂ ಹೀಗೆ ಹೇಳಿದ್ರೆ ನಂಬ್ತಿದ್ದೆ ಅಮ್ಮ. ಪಿಯುಸಿಲಿ ಓದದೇ ಪ್ರಬಂಧ ಬರೆದೆ ಅಂತ ನನ್ನ ನೋಟ್ಸ್ ಹರಿದು ಹಾಕಿದವಳು ನೀನು. ನೀನು ಹಾಗೆಲ್ಲ ಬರೆಯೋಳಲ್ಲ. ನನ್ನ ಸಮಾಧಾನಕ್ಕೆ ಇನ್ನೊಂದು ಸುಳ್ಳು ಯಾಕೆ?” ಎಂದು ಇಟ್ಟುಬಿಟ್ಟಳು.

ನಿನ್ನ ಮೆಸೇಜುಗಳನ್ನೆಲ್ಲ ಸಿಟ್ಟಿನಲ್ಲಿ ನಾನು ನಿನಗೆ ಬೈದ ದಿನವೇ ಅಳಿಸಿದ್ದೇನೆ. ನಿನ್ನ ಫೋನಿನಲ್ಲಿ ಉಳಿದಿರಬಹುದು. ನೀನು ಪಿಡಿಎಫ್ ಕಳಿಸಿದ ಹೊತ್ತು, ನಾನು ಬೆನ್ನುಡಿ ಕಳಿಸಿದ ಹೊತ್ತು ಎರಡೂ ಅದರಲ್ಲಿ ಇರುತ್ತವೆ. ಅದನ್ನು ಅವಳಿಗೆ ತೋರಿಸು. ಸಿಗದಿದ್ದರೆ ಬಾಯಲ್ಲಾದರೂ ಹೇಳು, ನಿನ್ನ ಮಾತನ್ನು ನಂಬುತ್ತಾಳೆ. ಮೇಲೆ ಏನೇನು ಬರೆದಿದ್ದೇನೋ ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೆನ್ನುಡಿ ಬೇಕಿದ್ದರೆ ಹಾಗೇ ಇರಲಿ. ಅವಳು ಬ್ಯಾಂಕಿನಿಂದ ಬರುವುದು ಆರು ಗಂಟೆಗೆ. ಆಮೇಲೆ ಫೋನ್ ಮಾಡು. ದಯವಿಟ್ಟು ಮಾಡು ಶರಾವತಿ.