ಬೊಂಬಾಯಿಗ್ ಹೋಪುದ್ ಯಾವಾಗ?

ಬ್ರಹ್ಮಾವರ,
೪ ಆಗಸ್ಟ್ ೨೦೨೫

ಹ್ವಾಯ್,

ಹೀಗೆ ಕರೆದು ಕಾಗದ ಶುರುಮಾಡಿದ್ದಕ್ಕೆ ನಗಬೇಡಿ. ಮದುವೆಯಾದಲ್ಲಿಂದ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಲಕೋಟೆಯ ಮೇಲೆ ರವಿರಾಜ್ ಎಂದು ಬರೆಯುವಾಗಲೇ ಬೇರೆ ಯಾರದೋ ಗಂಡನಿಗೆ ಬರೆದ ಹಾಗಾಯಿತು. ಸೊಂಟನೋವು ಹೇಗಿದೆ? ದೋಸೆ ಕಾವಲಿಯ ಎದುರು ಬೆಳಿಗ್ಗೆ ನಿಂತವರು ಮಧ್ಯಾಹ್ನದವರೆಗೆ ಕೂರುವುದಿಲ್ಲ ಅಂತ ನನಗೆ ಗೊತ್ತು. ನಾನು ಕಳಿಸಿದ ಎಣ್ಣೆಯನ್ನು ಸೊಂಟಕ್ಕೆ ಹಚ್ಚುತ್ತಿದ್ದೀರೋ, ಇಲ್ಲ ಕ್ಯಾಂಟೀನಿನವರೆಲ್ಲ ಸೇರಿ ತಲೆಗೆ ಹಾಕಿ ಮುಗಿಸಿದಿರೋ? ಮಳೆಯಲ್ಲಿ ಹಳಿ ದಾಟಿ ಕೆಲಸಕ್ಕೆ ಹೋಗಬೇಡಿ, ಎಷ್ಟೇ ತಡವಾದರೂ ಸೇತುವೆ ಹತ್ತಿಯೇ ಹೋಗಿ. ಅತ್ತೆ ಕುಂಭಾಶಿಯಲ್ಲಿ ಭಾವನ ಮನೆಯಲ್ಲಿ ಆರಾಮ ಇದ್ದಾರೆ. ಕಾಲಿನ ಊತ ಇಳಿದಿದೆ. ನಿಮ್ಮ ಸುದ್ದಿ ಕೇಳಿದರು, ಅದಕ್ಕಿಂತ ಮೊದಲು ನೀವು ದಪ್ಪ ಆಗಿದ್ದೀರಾ ಅಂತ ಕೇಳಿದರು.

ಇಲ್ಲಿ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿದೆ. ಬೋಟುಗಳು ಕಡಲಿಗಿಳಿದವು, ಆದರೂ ಬಂಗುಡೆಗೆ ಕೈಯಿಡುವ ಹಾಗಿಲ್ಲ. ಹುಡುಗಿಯರು ದಿನಾ ಮೀನು ಕೇಳುತ್ತಾರೆ, ನಾನು ದಿನಾ ಒಣಮೀನಿನ ಚಟ್ನಿ ಅರೆಯುತ್ತೇನೆ. ಗಂಡಸರು ಒಳಗೆ ಬರಬಾರದೆಂಬ ನಿಯಮ ಇರುವುದರಿಂದ ನೀವು ಈ ಮನೆಯನ್ನು ರಸ್ತೆಯಲ್ಲಿ ನಿಂತು ನೋಡಿದ್ದು ಮಾತ್ರ. ಒಳಗೆ ಎಂಟು ಜನ. ಬಾಲಮಂದಿರದಲ್ಲಿ ಬೆಳೆದು, ಹದಿನೆಂಟು ತುಂಬಿದ ಮೇಲೆ ಹೋಗಲು ಮನೆಯಿಲ್ಲದವರು ಕೆಲವರು. ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಮಲಗಿದ್ದಾಗ ಪೊಲೀಸರು ಕರೆತಂದು ಬಿಟ್ಟವರು ಕೆಲವರು. ಈ ಮನೆ ನಡೆಸುವ ಟ್ರಸ್ಟಿನ ಹಿರಿಯರಾದ ಕೃಷ್ಣಯ್ಯನವರು ನನ್ನ ಕೆಲಸಕ್ಕೆ ಮೆಂಟರ್ ಅನ್ನುತ್ತಾರೆ, ಹುಡುಗಿಯರು ಸುಗುಣಕ್ಕ ಅನ್ನುತ್ತಾರೆ. ಕೆಲಸ ಎಂತದು ಅಂತ ಅತ್ತೆ ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ಒಬ್ಬಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಯಾರ ಹತ್ತಿರ ಏನು ಕೇಳಬೇಕೆಂದು ತೋರಿಸುವುದು, ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳಿಗೆ ಮೇಸ್ತ್ರಿ ಕೈ ಹಿಡಿದರೆ ಗಟ್ಟಿಯಾಗಿ ಹೇಗೆ ಕೂಗಬೇಕೆಂದು ಕಲಿಸುವುದು. ಉಳಿದದ್ದು, ಸುಮ್ಮನೆ ಇರುವುದು. ಆ ಇರುವುದೇ ದೊಡ್ಡ ಕೆಲಸ. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಒಬ್ಬಳು ಬಂದು ನಿಂತು, ಸುಗುಣಕ್ಕ ಒಳ್ಗ್ ಇದ್ರ್ಯಾ ಅನ್ನುತ್ತಾಳೆ. ಎಂತ ಬೇಕು ಅಂದರೆ ಎಂತದೂ ಇಲ್ಲ. ನನ್ನ ಕೋಣೆಗೆ ಚಿಲಕ ಇದೆ, ಹಾಕುವ ಹಾಗಿಲ್ಲ. ಸಂಜೆ ಅವರು ಕೆಲಸದಿಂದ ಬರುವ ಹೊತ್ತಿಗೆ ನಾನು ಮನೆಯಲ್ಲೇ ಇರಬೇಕು. ಎರಡು ವರ್ಷವಾಯಿತು, ನಾನು ದೀಪ ಹಚ್ಚುವ ಹೊತ್ತಿನಲ್ಲಿ ಕಡಲು ನೋಡಿಲ್ಲ. ಇಲ್ಲಿಂದ ಕಡಲು ಎಷ್ಟು ದೂರ, ನಿಮಗೇ ಗೊತ್ತು.

ಅದಕ್ಕೇ, ನೀವು ಬೊಂಬಾಯಿಯ ಡೊಂಬಿವಲಿಯಲ್ಲಿ ಕೋಣೆ ನೋಡಿದೆ ಅಂದಾಗಿನಿಂದ ನನ್ನ ತಲೆಯಲ್ಲಿ ಆ ಕೋಣೆಯೇ. ಅಕ್ಕಿ ಆರಿಸುವಾಗ ಅಲ್ಲಿ ಒಲೆ ಎಲ್ಲಿಡುವುದು ಅಂತ ಯೋಚಿಸುತ್ತೇನೆ. ಬಾಗಿಲು ಹಾಕಿಕೊಂಡರೆ ಒಳಗೆ ನಾವಿಬ್ಬರೇ, ಯಾರೂ ಕರೆಯುವವರಿಲ್ಲ. ಇದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆದೆ. ಬದಲಿ ಒಬ್ಬರು ಸಿಗುವವರೆಗೆ ಅಂತ ಕೃಷ್ಣಯ್ಯನವರು ಕಳೆದ ಚೌತಿಯಿಂದ ಹೇಳುತ್ತಿದ್ದರು. ಸಿದ್ದಾಪುರದ ಒಬ್ಬಾಕೆ ಬಂದರು. ವಾರವೂ ಆಗಲಿಲ್ಲ, ಅಮ್ಮನಿಗೆ ಹುಷಾರಿಲ್ಲ ಅಂತ ಹೋದವರು ಆಮೇಲೆ ಫೋನು ಎತ್ತಲಿಲ್ಲ. ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಕಡೆಗೆ ನೀವು ಇಪ್ಪತ್ತನೇ ತಾರೀಕಿಗೆ ಟಿಕೆಟು ಮಾಡಿಯೇ ಬಿಟ್ಟಿರಿ. ಆ ದಿನ ಊಟಕ್ಕೆ ಕೂತಾಗ ನಾನು ಹುಡುಗಿಯರಿಗೆ ಹೇಳಿದೆ, ಚೌತಿಗೆ ಮೊದಲೇ ನಾನು ಬೊಂಬಾಯಿಗೆ ಹೋಗುತ್ತೇನೆ, ಬೇರೆ ಅಕ್ಕ ಬರುತ್ತಾರೆ ಅಂತ. ಒಬ್ಬಳು ಸಾರು ಕೇಳಿದಳು. ಅಷ್ಟು ಸುಲಭವಾಗಿ ಮುಗಿಯಿತಲ್ಲ ಅಂತ ನನಗೆ ಸ್ವಲ್ಪ ಬೇಜಾರೂ ಆಯಿತು.

ಚಂದನಾ ಅಂತ ಒಬ್ಬಳ ಬಗ್ಗೆ ಹೇಳಿದ್ದೆ, ನೆನಪಿದೆಯಾ? ಬೈಂದೂರು ಸ್ಟೇಷನ್ನಿನಲ್ಲಿ ಸಿಕ್ಕಿದವಳು. ಹತ್ತೊಂಬತ್ತು ವರ್ಷ. ತಾಯಿ ಚಿಕ್ಕಂದಿನಲ್ಲೇ ತೀರಿಹೋದರು, ಅಪ್ಪನ ವಿಷಯ ಅವಳು ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಬಂದ ಹೊಸತರಲ್ಲಿ ಚಪ್ಪಲಿ ಯಾರಾದರೂ ಕದಿಯುತ್ತಾರೆಂದು ತಲೆದಿಂಬಿನ ಅಡಿಗಿಟ್ಟು ಮಲಗುತ್ತಿದ್ದಳು. ಈಗ ಕುಂದಾಪುರದ ಒಂದು ಸೀರೆ ಅಂಗಡಿಯಲ್ಲಿ ಕೆಲಸ. ಗಿರಾಕಿಗಳಿಗೆ ಸೀರೆ ಹೆಗಲ ಮೇಲೆ ಹಾಕಿ ತೋರಿಸುವುದು ಅವಳೇ, ಅದರಲ್ಲಿ ಒಳ್ಳೆ ಹೆಸರು. ಅವಳಿಗೊಬ್ಬ ಸೋದರಮಾವ, ಲೀಲಾಧರ ಅಂತ, ಹಾಲಾಡಿಯಿಂದ ಆಚೆ ಮನೆ. ಈ ವರ್ಷ ಅದು ಹೇಗೋ ಪತ್ತೆ ಮಾಡಿಕೊಂಡು ಎರಡು ಸಲ ಹಲಸಿನ ಹಪ್ಪಳ ಹಿಡಿದುಕೊಂಡು ಬಂದಿದ್ದ. ನಮ್ಮ ಮನೆ ಹೆಣ್ಣು ಹೀಗೆ ಪರರ ಆಸರೆಯಲ್ಲಿ ಇರಬಾರದು, ಮನೆಗೆ ಬಾ ಅಂದ. ಇಷ್ಟು ವರ್ಷ ಎಲ್ಲಿದ್ದಿರಿ ಮಾವ ಅಂತ ಚಂದನಾ ಕೇಳಿದಳು. ಅವನ ಕೈಯ ಹಪ್ಪಳ ತೆಗೆದುಕೊಂಡು ಒಳಗೆ ಬಂದಳು. ನಾವೆಲ್ಲ ಅವತ್ತು ಆ ಹಪ್ಪಳ ಕರಿದು ತಿಂದು ನಕ್ಕಿದ್ದೂ ಉಂಟು.

ಅಂಥವಳು ಜುಲೈಯಲ್ಲಿ ತಾನಾಗಿಯೇ ಮಾವನಿಗೆ ಫೋನ್ ಮಾಡಿ ಬರುತ್ತೇನೆ ಅಂದಳು. ಯಾಕೆ ಚಂದನಾ ಅಂದರೆ, ಮಾವ ಅಲ್ದಾ ಅಕ್ಕಾ ಅಂದಳು, ಅಷ್ಟೇ. ಪ್ರಾಯಕ್ಕೆ ಬಂದವಳು, ತಡೆಯುವ ಅಧಿಕಾರ ನಮಗಿಲ್ಲ. ಒಬ್ಬಳಿಗಾದರೂ ಸ್ವಂತದವರು ಸಿಕ್ಕರು ಅಂತ ನಾನು ಪಾಯಸ ಮಾಡಿ ಕಳಿಸಿಕೊಟ್ಟೆ. ಹೋದ ಮೇಲೆ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಇವತ್ತ್ ಎಂತ ಅಡ್ಗಿ ಅಂತ ಕೇಳುವುದು, ನಾನು ಹೇಳುವುದು, ಇಡುವುದು. ಆಮೇಲೆ ಫೋನ್ ನಿಂತಿತು. ನಾನು ಮಾಡಿದರೆ ಸ್ವಿಚ್ ಆಫ್. ಮಾವನಿಗೆ ಮಾಡಿದರೆ ಅವಳಿಗೆ ಪುರುಸೊತ್ತಿಲ್ಲ ಅಂತ ಇಟ್ಟುಬಿಟ್ಟ. ಸೀರೆ ಅಂಗಡಿಯವರನ್ನು ಕೇಳಿದೆ. ಬರುವುದನ್ನೇ ಬಿಟ್ಟಿದ್ದಾಳೆ, ಇನ್ನೊಂದು ವಾರ ಕಾಯುತ್ತೇವೆ ಅಂದರು. ಶನಿವಾರ ಹುಡುಗಿಯರಲ್ಲಿ ಹಿರಿಯವಳಾದ ಬಾಗಿಗೆ ಫ್ಯಾಕ್ಟರಿ ರಜೆಯಿತ್ತು. ಮನೆ ನೋಡಿಕೋ, ಕತ್ತಲೆಗೆ ಮೊದಲು ಬಂದುಬಿಡುತ್ತೇನೆ ಅಂತ ಅವಳಿಗೆ ಹೇಳಿ ನಾನು ಹಾಲಾಡಿಗೆ ಬಸ್ಸು ಹತ್ತಿದೆ.

ಏನೇನೋ ಕೆಟ್ಟದ್ದು ಯೋಚಿಸಿಕೊಂಡು ಹೋಗಿದ್ದೆ. ಅಲ್ಲಿ ಕಂಡದ್ದು ಅಂಥದ್ದೇನಲ್ಲ. ಲೀಲಾಧರನ ಅತ್ತೆ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ, ಹೆಂಡತಿಗೆ ಮಂಡಿನೋವು, ಬಗ್ಗಲಿಕ್ಕಾಗುವುದಿಲ್ಲ. ಎರಡು ಕೈ ಬೇಕಿತ್ತು, ಕರೆತಂದಿದ್ದರು. ಚಂದನಾ ಬಾವಿಕಟ್ಟೆಯ ಹತ್ತಿರ ಮುದುಕಿಯ ಬಟ್ಟೆ ಒಗೆಯುತ್ತಿದ್ದಳು. ಸೀರೆ ತೋರಿಸುತ್ತಿದ್ದ ಆ ಕೈಯ ಬೆರಳುಗಳೆಲ್ಲ ಸುಲಿದು ಬಿಳಿಚಿಕೊಂಡಿದ್ದವು. ನನ್ನನ್ನು ಕಂಡು ಎದ್ದು ನಿಂತಳು, ಓಡಿ ಬರಲಿಲ್ಲ. ಅವಳೇ ಚಾ ಮಾಡಿ ತಂದಳು. ಲೀಲಾಧರ ಮರ್ಯಾದೆಯಿಂದಲೇ ಕುರ್ಚಿ ಕೊಟ್ಟ, ಅವಳಿಗೆ ಇಲ್ಲಿ ಏನು ಕಮ್ಮಿ ಇದೆ ಹೇಳಿ ಅಂದ, ಮನೆಯೊಳಗೆ ಇರುವವಳಿಗೆ ಫೋನು ಎಂತಕ್ಕೆ ಅಂತ ತಾನೇ ತೆಗೆದಿಟ್ಟಿದ್ದಾಗಿಯೂ ಮುಚ್ಚುಮರೆಯಿಲ್ಲದೆ ಹೇಳಿದ. ಹೊಡೆತ ಇಲ್ಲ, ಬೈಗುಳ ಇಲ್ಲ, ಊಟಕ್ಕೆ ತೊಂದರೆ ಇಲ್ಲ. ಮುದುಕಿಯ ಮಂಚಕ್ಕೂ ಬಾಗಿಲಿಗೂ ನಡುವೆ ಒಂದು ಚಾಪೆ, ಅದು ಅವಳ ಜಾಗ. ನಾನು ಯಾರ ಮೇಲೆ ಯಾವ ದೂರು ಕೊಡುವುದು? ಅಂಗಡಿಯವರು ಕಾಯುತ್ತಿದ್ದಾರೆ, ಬರುತ್ತೀಯಾ ಅಂತ ಅವರೆದುರೇ ಕೇಳಿದೆ. ಬೇಡ ಅಕ್ಕ ಅಂದಳು. ಬಸ್ಸಿನ ಹೊತ್ತಾಯಿತು ಅಂತ ಎದ್ದೆ.

ಮಳೆ ಬರುತ್ತಿತ್ತು, ಕೊಡೆ ಹಿಡಿದುಕೊಂಡು ಮೆಟ್ಟಿಲವರೆಗೆ ಬಂದಳು. ಅಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದಳು.

"ಅಕ್ಕಾ, ನೀವ್ ಬೊಂಬಾಯಿಗ್ ಹೋಪುದ್ ಯಾವಾಗ?"

"ಹೋತಿಲ್ಲೆ" ಅಂದೆ ನಾನು.

ಹೋಗುವುದಿಲ್ಲ ಅಂದದ್ದು ಯೋಚಿಸಿ ಅಲ್ಲ. ಆ ಕ್ಷಣ ಇಪ್ಪತ್ತನೇ ತಾರೀಕೂ ನೆನಪಾಗಲಿಲ್ಲ, ನೀವೂ ನೆನಪಾಗಲಿಲ್ಲ. ನಿಮಗೆ ಸುಳ್ಳು ಬರೆಯಲಾರೆ. ಅವಳು ಕೊಡೆ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಷ್ಟೇ ಅಂದುಕೊಂಡು ನಾನು ಎರಡು ಮೆಟ್ಟಿಲು ಇಳಿದಿದ್ದೆ. ಒಳಗೆ ಅವಳು ಮುದುಕಿಗೆ ಏನೋ ಹೇಳುವುದು ಕೇಳಿಸಿತು. ಮತ್ತೆ ಉಟ್ಟ ಬಟ್ಟೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದಳು. ಲೀಲಾಧರ ಹಿಂದೆಯೇ ಬಂದು ನನ್ನ ಕಡೆಗೆ ತಿರುಗಿದ. "ನಮ್ ಮನಿ ಹೆಣ್ಣನ್ನ ಕರ್ಕಂಡ್ ಹೋಪುಕೆ ನೀವ್ ಯಾರ್?" ಅಂದ. ನಾನು ಯಾರು ಅಂತ ನನಗಾದರೂ ಎಲ್ಲಿ ಗೊತ್ತು?

"ಅವ್ರ್ ಕರ್ಕಂಡ್ ಹೋಪುದಲ್ಲ ಮಾವ, ನಾನೇ ಹೋತೆ" ಅಂದಳು ಚಂದನಾ.

ಅಷ್ಟರಲ್ಲಿ ಒಳಗಿನಿಂದ ಮುದುಕಿ ನೀರು ಕೇಳಿದರು. ಚಂದನಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ತಲೆ ಎತ್ತಿ ಹಿಡಿದು ಕುಡಿಸಿರಬೇಕು, ಬರುವಾಗ ತೋಳು ಒದ್ದೆಯಾಗಿತ್ತು, ಕಣ್ಣೂ. ಲೀಲಾಧರ ದಾರಿ ಬಿಟ್ಟು ನಿಂತ. ಅವಳ ಫೋನನ್ನು ಜೇಬಿನಿಂದ ತೆಗೆದು ಜಗಲಿಯ ಮೇಲಿಟ್ಟು ಒಳಗೆ ಹೋದ. ಬಸ್ಸು ಬಾರ್ಕೂರು ದಾಟುವಾಗ ಅವಳು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು, "ನೀವ್ ಹೋತೆ ಅಂದ್ರಿ. ನಿಮ್ ಬದ್ಲಿಗ್ ಬಪ್ಪೋರ್ ಹ್ಯಾಂಗೋ ಎಂತೋ. ಮಾವ ಆದ್ರೆ ಎಲ್ಲಿಗೂ ಹೋಪೋರಲ್ಲ ಅಂದ್ಹೇಳಿ ಹೋದೆ."

ನಾನು ಊಟದ ಹೊತ್ತಿನಲ್ಲಿ ಹೇಳಿದ ಒಂದು ಮಾತಿಗೆ ಅವಳು ಅಷ್ಟು ದೂರ ಹೋಗಿದ್ದಳು. ನೀವು ನನಗೆ ನೆನಪಾದದ್ದು ಆಗ.

ಇವತ್ತು ಅವಳು ಮತ್ತೆ ಅಂಗಡಿಗೆ ಹೋದಳು. ಲೀಲಾಧರ ನಿನ್ನೆ ಫೋನ್ ಮಾಡಿ ಮುದುಕಿಗೆ ಯಾವ ಮಾತ್ರೆ ಯಾವಾಗ ಅಂತ ಕೇಳಿದ, ಇವಳು ತಾಳ್ಮೆಯಿಂದ ಹೇಳಿದಳು. ಭಾನುವಾರಗಳಲ್ಲಿ ಹೋಗಿ ಮೀಯಿಸಿ ಬರುತ್ತಾಳಂತೆ. ನಾನು ಹೋಗುವುದಿಲ್ಲವೆಂಬ ಸುದ್ದಿ ಮನೆಯಲ್ಲೆಲ್ಲ ಹಬ್ಬಿದೆ. ಇವತ್ತು ಬೆಳಿಗ್ಗೆ ಹುಡುಗಿಯರು ಬಟ್ಟೆ ಒಗೆಯುವಾಗ ಹಾಡುತ್ತಿದ್ದರು. ಆ ಹಾಡು ಕೇಳುತ್ತ ನಾನು ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಎದೆಯ ಮೇಲೆ ಯಾರೋ ಅರೆಯುವ ಕಲ್ಲು ಇಟ್ಟ ಹಾಗಾಯಿತು. ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ಕೃಷ್ಣಯ್ಯನವರ ಮೇಲೆ. ಸುದ್ದಿ ಕೇಳಿ ಅವರು, ಒಳ್ಳೆದಾಯಿತು ಸುಗುಣ, ಇನ್ನು ಬದಲಿ ಹುಡುಕುವ ತಲೆಬಿಸಿ ಇಲ್ಲ ಅಂದರು. ಹುಡುಕುವುದನ್ನು ನಿಲ್ಲಿಸಬೇಡಿ ಅಂದೆ. ಆಯಿತು ಆಯಿತು ಅಂದರು. ಆ ಆಯಿತು ಎಂಥದ್ದು ಅಂತ ಇಷ್ಟು ದಿನದಲ್ಲಿ ನನಗೆ ತಿಳಿದಿದೆ. ನನ್ನನ್ನು ದೊಡ್ಡ ಮನಸ್ಸಿನವಳು ಅಂತ ಮಾತ್ರ ತಿಳಿಯಬೇಡಿ. ಬಾಯಿಗೆ ಬಂದದ್ದು ಹೇಳಿ ಸಿಕ್ಕಿಹಾಕಿಕೊಂಡವಳು ನಾನು. ಮಾತು ಹಿಂದೆ ತೆಗೆದುಕೊಂಡರೆ ಚಂದನಾ ಜಗಳ ಮಾಡುವುದಿಲ್ಲ, ಸುಮ್ಮನೆ ಚಪ್ಪಲಿ ಮೆಟ್ಟಿ ಇಳಿದು ಹೋಗುತ್ತಾಳೆ. ತೆಗೆದುಕೊಳ್ಳದಿದ್ದರೆ ನೀವು ಆ ಕೋಣೆಯಲ್ಲಿ ಒಬ್ಬರೇ. ಎರಡು ಕಡೆಯೂ ನನ್ನದೇ ಜನ, ನಡುವೆ ಮಿಸುಕಾಡಲಿಕ್ಕೆ ಜಾಗವಿಲ್ಲ.

ಗ್ಯಾಸಿನವನು ಬಂದ, ಕೂಗುತ್ತಿದ್ದಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಾಡಿದ ದೋಸೆಯನ್ನೆಲ್ಲ ಊರವರಿಗೇ ಬಡಿಸಬೇಡಿ, ನೀವೂ ತಿನ್ನಿ. ಕ್ಯಾಂಟೀನಿನಲ್ಲಿ ನಮ್ಮ ಕಡೆಯವರಿಗೆಲ್ಲ ನಾನು ಕೇಳಿದೆ ಅಂತ ಹೇಳಿ. ಆನೆಗುಡ್ಡೆ ಗಣಪತಿ ನಿಮ್ಮ ಸೊಂಟವನ್ನೂ ನಿಮ್ಮನ್ನೂ ಕಾಯಲಿ.

ನಿಮ್ಮ
ಸುಗುಣ

ತಾ.ಕ.: ಟಿಕೆಟು ನಿನ್ನೆಯೇ ಕ್ಯಾನ್ಸಲ್ ಮಾಡಿಸಿದೆ. ನಿಮಗೆ ಮೆಸೇಜು ಬಂದಿರಬಹುದು, ರೈಲಿನವರದು ಏನೋ ತಪ್ಪು ಅಂದುಕೊಂಡಿದ್ದರೆ ಅಲ್ಲ, ನಾನೇ. ಇಲ್ಲಿಂದ ಹತ್ತಿರವೇ, ಸಾಸ್ತಾನದ ಟೋಲ್ ಬಳಿ ಹೊಸ ಹೋಟೆಲಿಗೆ ದೋಸೆ ಹೊಯ್ಯುವವರು ಬೇಕಂತೆ, ಸಂಬಳ ಅಲ್ಲಿಯಷ್ಟು ಇಲ್ಲ, ಇರಲಿಕ್ಕೆ ಕೋಣೆ ಅವರೇ ಕೊಡುತ್ತಾರಂತೆ. ಪ್ರತಿ ಭಾನುವಾರ ಮಧ್ಯಾಹ್ನ ನನಗೆ ಬಿಡುವು ಕೊಡಲೇಬೇಕು ಅಂತ ಕೃಷ್ಣಯ್ಯನವರ ಹತ್ತಿರ ಹಟ ಹಿಡಿದು ಒಪ್ಪಿಸಿದ್ದೇನೆ. ನಿಮ್ಮನ್ನು ಕೇಳದೆ ಇಷ್ಟೆಲ್ಲ ಮಾಡಿದೆ. ಬೈಯುವುದಾದರೆ ಬೈಯಿರಿ. ಆದರೆ ಬಂದು ಬೈಯಿರಿ.